ಭಾವನ ಕಾರು ನೋಡಲು ಹೋದ ಐದು ದಿನ

ಭಾವನಿಗೆ 52 ವರ್ಷ. ಮಕ್ಕಳಿಬ್ಬರೂ ಓದಲು ಬೇರೆ ಊರಿಗೆ ಹೋದ ಮೇಲೆ ಅವರ ತಲೆಗೆ ಒಂದು ಹುಳ ಹೊಕ್ಕಿತು. ಇಪ್ಪತ್ತು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿದ್ದೂ ತಾನು ಒಂದೂ ಒಳ್ಳೆ ಕಾರು ಇಟ್ಟುಕೊಳ್ಳಲಿಲ್ಲ ಅಂತ. ಮನೆಯಲ್ಲಿರುವುದು ಹನ್ನೊಂದು ವರ್ಷ ಹಳೆಯ ಡೀಸೆಲ್ ಎಸ್ಟೇಟ್, ಅಂದರೆ ಹಿಂದೆ ಉದ್ದನೆ ಡಿಕ್ಕಿ ಇರುವ ಸಂಸಾರಸ್ಥರ ಕಾರು. ಹಿಂದಿನ ಸೀಟಿನ ಸಂದಿಯಲ್ಲಿ ಈಗಲೂ ಬಿಸ್ಕತ್ತಿನ ಪುಡಿ ಇದೆ.

"ನೀನು ಅಕ್ಟೋಬರ್‌ನಲ್ಲಿ ಬರ್ತೀಯಲ್ಲ ಮಾರಾಯ, ಒಟ್ಟಿಗೆ ಮೂರು ಕಾರು ಓಡಿಸಿ ನೋಡೋಣ" ಎಂದರು. ನಾನು ಹೋಗುವಷ್ಟರಲ್ಲಿ ಒಂದು ಎಕ್ಸೆಲ್ ಶೀಟ್ ತಯಾರಾಗಿತ್ತು. ಮೂರು ಸಾಲು: ಮರ್ಸಿಡಿಸ್-ಎಎಂಜಿ ಇ 53 ಹೈಬ್ರಿಡ್, ಬಿಎಂಡಬ್ಲ್ಯು ಎಂ5, ಪೋರ್ಷೆ ಪನಾಮೆರಾ. ಅಡ್ಡಕ್ಕೆ ಹಾರ್ಸ್‌ಪವರ್, ಟಾರ್ಕ್ (ಚಕ್ರ ತಿರುಗಿಸುವ ಬಲ), 0ಯಿಂದ 100ಕ್ಕೆ ಎಷ್ಟು ಸೆಕೆಂಡ್, ಡಿಕ್ಕಿ ಎಷ್ಟು ಲೀಟರ್, ಬೆಲೆ. ಅಕ್ಕ ಅದನ್ನು ಒಂದು ಸಲ ನೋಡಿ, "ನಿಲ್ಲೋದು ಎಲ್ಲಿ ಬರ್ದಿದ್ದೀರಿ?" ಅಂತ ಕೇಳಿದಳು. ಭಾವ ನಕ್ಕರು. ನಾನೂ ನಕ್ಕೆ.

ಮೊದಲ ದಿನ: ಸ್ಟುಟ್‌ಗಾರ್ಟ್

ಕಾರು ಮುಟ್ಟುವ ಮೊದಲು ಮ್ಯೂಸಿಯಂ ನೋಡಬೇಕು ಅನ್ನುವುದು ಭಾವನ ನಿಯಮ. ಮರ್ಸಿಡಿಸ್-ಬೆಂಝ್ ಮ್ಯೂಸಿಯಂ 2006ರಲ್ಲಿ ತೆರೆದದ್ದು. ಲಿಫ್ಟ್‌ನಲ್ಲಿ ನೇರ ತುತ್ತತುದಿಗೆ ಹೋಗಿ, ಸುರುಳಿ ಸುರುಳಿಯಾಗಿ ನಡೆದು ಇಳಿಯಬೇಕು. ಲಿಫ್ಟಿನಿಂದ ಹೊರಗೆ ಬಂದರೆ ಮೊದಲು ಕಾಣುವುದು ಕಾರಲ್ಲ, ಒಂದು ಬಿಳಿ ಕುದುರೆ. ಅದರಾಚೆ 1886ರ ಮೂರು ಚಕ್ರದ ಬೆಂಝ್ ಗಾಡಿ.

ಅಕ್ಕ ಅಲ್ಲಿಂದ ಕದಲಲೇ ಇಲ್ಲ. ಕಾರ್ಲ್ ಬೆಂಝ್‌ನ ಹೆಂಡತಿ ಬೆರ್ಥಾ 1888ರ ಆಗಸ್ಟ್‌ನಲ್ಲಿ ಗಂಡನಿಗೆ ಹೇಳದೆ, ಇಬ್ಬರು ಹುಡುಗರನ್ನು ಕೂರಿಸಿಕೊಂಡು ಮನ್‌ಹೈಮ್‌ನಿಂದ ಫೋರ್ಟ್ಸ್‌ಹೈಮ್‌ಗೆ ಹೊರಟವಳು. ನೂರು ಕಿಲೋಮೀಟರಿಗೆ ಸ್ವಲ್ಪ ಮೇಲೆ. ಇಂಧನ ಮುಗಿದಾಗ ವೀಸ್ಲೋಖ್ ಊರಿನ ಔಷಧಿ ಅಂಗಡಿಯಲ್ಲಿ ಲಿಗ್ರೊಯಿನ್ ಎಂಬ ಪೆಟ್ರೋಲಿನಂಥ ದ್ರಾವಕ ಕೊಂಡಳು. ಪೈಪ್ ಕಟ್ಟಿಕೊಂಡಾಗ ಟೋಪಿಯ ಪಿನ್ ಚುಚ್ಚಿ ಬಿಡಿಸಿದಳು. ಇಳಿಜಾರಿನಲ್ಲಿ ಮರದ ಬ್ರೇಕ್ ತುಂಡುಗಳು ಸವೆದು ಹೋದಾಗ, ಒಬ್ಬ ಚಮ್ಮಾರನ ಹತ್ತಿರ ಅದಕ್ಕೆ ಚರ್ಮ ಹೊಡೆಸಿದಳು. ಬ್ರೇಕ್ ಲೈನಿಂಗ್ ಶುರುವಾದದ್ದೇ ಹೀಗೆ ಅಂತ ಹೇಳುತ್ತಾರೆ.

"ನೋಡಿದ್ರಾ" ಎಂದಳು ಅಕ್ಕ, "ಗಂಡ ಓಡೋದಕ್ಕೆ ಮಾಡಿದ, ಹೆಂಡತಿ ನಿಲ್ಲೋದಕ್ಕೆ ಮಾಡಿದಳು." ಇಡೀ ಪ್ರವಾಸದಲ್ಲಿ ಈ ಮಾತು ಭಾವನ ಬೆನ್ನು ಬಿಡಲಿಲ್ಲ.

ಮಧ್ಯಾಹ್ನ ಲೋಕಲ್ ರೈಲು ಹತ್ತಿ ಊರಿನ ಇನ್ನೊಂದು ಕಡೆ, ಝುಫೆನ್‌ಹೌಸನ್‌ನ ಪೋರ್ಷೆ ಮ್ಯೂಸಿಯಂಗೆ ಹೋದೆವು. ಸ್ಟೇಷನ್‌ನಿಂದ ಹೊರಗೆ ಬಂದರೆ ಎದುರಿಗೇ ಇದೆ. ಅಲ್ಲಿ ಭಾವ ಒಂದು ಕಥೆ ಹೇಳಿದರು, ನನಗೆ ಗೊತ್ತಿರಲಿಲ್ಲ. 1990ರಲ್ಲಿ ಬಂದ ಮರ್ಸಿಡಿಸ್ 500 ಇ ಇದೆಯಲ್ಲ, ಸಾದಾ ಸೆಡಾನ್ ಮುಖ ಇಟ್ಟುಕೊಂಡು 5 ಲೀಟರ್ ವಿ8 (ಎಂಟು ಸಿಲಿಂಡರ್) ಎಂಜಿನ್ ಹೊತ್ತಿದ್ದು, ಅದನ್ನು ಜೋಡಿಸಿದ್ದು ಪೋರ್ಷೆಯವರು, ಇದೇ ಝುಫೆನ್‌ಹೌಸನ್‌ನಲ್ಲಿ. ಉಬ್ಬಿದ ಮಡ್‌ಗಾರ್ಡ್‌ಗಳಿಂದ ಅದು ಮರ್ಸಿಡಿಸ್‌ನವರ ಸ್ವಂತ ಲೈನ್‌ನಲ್ಲಿ ಹಿಡಿಸುತ್ತಿರಲಿಲ್ಲವಂತೆ. ಬಾಡಿ ಆ ಕಾರ್ಖಾನೆಗೂ ಈ ಕಾರ್ಖಾನೆಗೂ ಓಡಾಡಿ ಕಾರಾಗುತ್ತಿತ್ತು. ಹೊರಗಿಂದ ನೋಡಿದರೆ ಗುಮಾಸ್ತ, ಒಳಗೆ ಪೈಲ್ವಾನ. ಇಂಥ ಕಾರುಗಳ ಹುಚ್ಚಿನ ಮೂಲವೇ ಅದು. ನಾವು ನೋಡಲು ಹೊರಟಿದ್ದ ಮೂರೂ ಅದರ ಮೊಮ್ಮಕ್ಕಳೇ ಅನ್ನಿ, ಆದರೆ ಗುಮಾಸ್ತನ ವೇಷ ಈಗ ಯಾರಿಗೂ ಬೇಕಿಲ್ಲ.

ಎರಡನೇ ದಿನ: ಅಫಾಲ್ಟರ್‌ಬಾಖ್ ಮತ್ತು ಎ 81

ಹಾನ್ಸ್ ವರ್ನರ್ ಔಫ್ರೆಖ್ಟ್ ಮತ್ತು ಎರ್ಹಾರ್ಡ್ ಮೆಲ್ಖರ್ ಎಂಬ ಇಬ್ಬರು 1967ರಲ್ಲಿ ಶುರು ಮಾಡಿದ ಸಣ್ಣ ಎಂಜಿನ್ ಅಂಗಡಿ ಎಎಂಜಿ. ಎ, ಎಂ ಅವರ ಹೆಸರು. ಜಿ ಅಂದರೆ ಔಫ್ರೆಖ್ಟ್ ಹುಟ್ಟಿದ ಊರು ಗ್ರೋಸಾಸ್‌ಪಾಖ್. 1971ರ ಸ್ಪಾ 24 ಗಂಟೆ ರೇಸ್‌ನಲ್ಲಿ ಅವರ ದೊಡ್ಡ ಕೆಂಪು ಸೆಡಾನ್ ಎರಡನೇ ಸ್ಥಾನಕ್ಕೆ ಬಂದಾಗ ಜಗತ್ತು ತಿರುಗಿ ನೋಡಿತು. ಈಗ ಅಫಾಲ್ಟರ್‌ಬಾಖ್ ಎಂಬ ಪುಟ್ಟ ಊರಿನಲ್ಲಿ ಅವರ ಕಾರ್ಖಾನೆ. ಸುತ್ತ ಹೊಲ, ಸೇಬಿನ ಮರ, ಟ್ರ್ಯಾಕ್ಟರ್.

ಪಕ್ಕದ ಊರಿನ ಒಬ್ಬ ಡೀಲರ್ ಎರಡು ಗಂಟೆಗೆ ಇ 53 ಕೊಟ್ಟ. ಭಾವನ ಲೈಸೆನ್ಸ್, ನನ್ನ ಅಂತರರಾಷ್ಟ್ರೀಯ ಪರ್ಮಿಟ್, ನಾಲ್ಕು ಕಡೆ ಸಹಿ. ಭಾವ ಬಾನೆಟ್ ಎತ್ತಿ ಏನನ್ನೋ ಹುಡುಕಿದರು. ಎಎಂಜಿ ವಿ8 ಎಂಜಿನ್‌ಗಳ ಮೇಲೆ ಅದನ್ನು ಜೋಡಿಸಿದ ಒಬ್ಬನೇ ಮೆಕ್ಯಾನಿಕ್‌ನ ಸಹಿ ಇರುವ ಫಲಕ ಇರುತ್ತದೆ. ಇದು ಆರು ಸಿಲಿಂಡರ್, 3 ಲೀಟರ್. ಇದಕ್ಕೆ ಸಹಿ ಇಲ್ಲ. "ಒಂದು ಸಹಿಗೆ ಇಷ್ಟು ಬೇಜಾರಾ?" ಎಂದೆ. "ನಿನಗೆ ಗೊತ್ತಾಗಲ್ಲ ಬಿಡು" ಎಂದರು.

ಬಟನ್ ಒತ್ತಿದರೆ ಸದ್ದೇ ಇಲ್ಲ. ಊರಿನೊಳಗೆ ಗಂಟೆಗೆ 30 ಕಿಲೋಮೀಟರಿನ ಮಿತಿ, ಕಾರು ಪೂರ್ತಿ ಬ್ಯಾಟರಿಯಲ್ಲಿ ಹೋಯಿತು. ಎಂಜಿನ್ನೂ ಮೋಟರೂ ಸೇರಿ 585 ಹಾರ್ಸ್‌ಪವರ್ ಇಟ್ಟುಕೊಂಡು ಅಜ್ಜಿಯೊಬ್ಬರ ಸೈಕಲ್ ಹಿಂದೆ ಒಂದು ಕಿಲೋಮೀಟರ್ ಹೋದೆವು. ಹಿಂದಿನ ಸೀಟಿನಲ್ಲಿದ್ದ ಅಕ್ಕನಿಗೆ ಈ ಭಾಗ ಬಹಳ ಇಷ್ಟವಾಯಿತು.

ಎ 81 ಹೆದ್ದಾರಿಯಲ್ಲಿ ವೈನ್ಸ್‌ಬರ್ಗ್ ಜಂಕ್ಷನ್ ದಾಟುವವರೆಗೆ ಬರೀ ಲಾರಿ. ಅಲ್ಲಿಂದ ವ್ಯುರ್ಟ್ಸ್‌ಬುರ್ಗ್ ಕಡೆಗೆ ರಸ್ತೆ ಖಾಲಿಯಾಗುತ್ತಾ ಹೋಗುತ್ತದೆ. ಬಿಳಿ ದುಂಡನೆ ಫಲಕ, ಮೇಲೆ ಓರೆಯಾಗಿ ಗೆರೆಗಳು: ಮಿತಿ ಮುಗಿಯಿತು ಅಂತ ಅರ್ಥ. ಹಾಗಂತ ಪೂರ್ತಿ ಬಿಡುಗಡೆ ಅಲ್ಲ. 130 ಅನ್ನುವುದು ಶಿಫಾರಸಿನ ವೇಗ. ಅದಕ್ಕಿಂತ ಮೇಲೆ ಹೋಗಿ ಅಪಘಾತವಾದರೆ, ತಪ್ಪು ಇನ್ನೊಬ್ಬನದೇ ಆದರೂ ನಷ್ಟದ ಒಂದು ಪಾಲು ನಿಮ್ಮ ತಲೆಗೆ ಬರಬಹುದು. ಅಲ್ಲಿ ಗಾಡಿ ಓಡುವುದು ರಸ್ತೆಯ ಬಲಕ್ಕೆ, ಹಾಗಾಗಿ ಬಲಗಡೆಯಿಂದ ಓವರ್‌ಟೇಕ್ ಮಾಡುವಂತಿಲ್ಲ. ಪೆಟ್ರೋಲ್ ಮುಗಿದು ನಿಂತರೂ ದಂಡ.

ಭಾವ ಒತ್ತಿದರು. 140, 170, 200. ಹೇಳುವಂಥದ್ದು ಏನೂ ಆಗಲಿಲ್ಲ, ಅದೇ ಆಶ್ಚರ್ಯ. ಮರಗಳು ಮಾತ್ರ ಬೇಗ ಬೇಗ ಬಂದವು. 210ರಲ್ಲಿದ್ದಾಗ ಮುಂದೆ ಒಂದು ಬಿಳಿ ವ್ಯಾನ್ ಇಂಡಿಕೇಟರ್ ಹಾಕಿ, ಲಾರಿ ದಾಟಲು ಎಡಕ್ಕೆ ಬಂತು. ಅದರ ವೇಗ 110 ಇದ್ದಿರಬೇಕು. ಅವನದೇನೂ ತಪ್ಪಿಲ್ಲ, ಕನ್ನಡಿಯಲ್ಲಿ ನಾವು ಒಂದು ಚುಕ್ಕೆಯಾಗಿದ್ದೆವು. ಭಾವ ಬ್ರೇಕ್ ಒತ್ತಿದರು. ಪಕ್ಕದಲ್ಲಿದ್ದ ನಾನೂ ಒತ್ತಿದೆ, ಬರೀ ನೆಲದ ಮ್ಯಾಟ್‌ನ್ನ. ಬೆಲ್ಟ್ ಎದೆಗೆ ಬಿಗಿಯಿತು. ಕಾರು ಒಂದು ಗೆರೆಯೂ ಆಚೀಚೆ ಹೋಗದೆ ವ್ಯಾನಿನ ಹಿಂದೆ ಸೇರಿಕೊಂಡಿತು.

ಆಮೇಲೆ ಕೆಲವು ಕ್ಷಣ ಯಾರೂ ಮಾತಾಡಲಿಲ್ಲ. ಹಿಂದಿನಿಂದ ಅಕ್ಕ, "ಶೀಟಲ್ಲಿ ಒಂದು ಕಾಲಂ ಸೇರಿಸ್ರೀ" ಎಂದಳು.

ವಾಪಸ್ ಬರುವಾಗ ನಾನು ಓಡಿಸಿದೆ. ಹೆದ್ದಾರಿಯಲ್ಲಿ ಸರಾಗ. ಆದರೆ ಊರೊಳಗಿನ ಸಿಗ್ನಲ್‌ಗಳಲ್ಲಿ ಪ್ರತಿ ಸಲ ಕೊನೆಯ ಒಂದು ಮೀಟರ್ ಮುಗ್ಗರಿಸಿದ ಹಾಗೆ ಆಗುತ್ತಿತ್ತು. ಹೈಬ್ರಿಡ್‌ನಲ್ಲಿ ಮೆಲ್ಲಗೆ ಬ್ರೇಕ್ ಒತ್ತಿದರೆ ಪ್ಯಾಡ್ ಡಿಸ್ಕ್‌ಗೆ ತಾಗುವುದು ಕಮ್ಮಿ. ಮೋಟರ್ ಉಲ್ಟಾ ಕೆಲಸ ಮಾಡಿ ಕಾರನ್ನು ಹಿಡಿದುಕೊಳ್ಳುತ್ತದೆ, ಆ ಶಕ್ತಿ ಬ್ಯಾಟರಿಗೆ ಹೋಗುತ್ತದೆ. ಜೋರಾಗಿ ಒತ್ತಿದರೆ ಅಥವಾ ನಿಲ್ಲುವ ಹೊತ್ತಿಗೆ ಪ್ಯಾಡ್‌ಗಳು ಕೆಲಸ ವಹಿಸಿಕೊಳ್ಳುತ್ತವೆ. ಈ ಕೈ ಬದಲಾವಣೆ ನಿಮ್ಮ ಕಾಲಡಿಯಲ್ಲೇ ನಡೆಯುತ್ತದೆ. ಹಳೇ ಕಾರಿನ ಪೆಡಲಿಗೆ ಪಳಗಿದ ನನ್ನ ಕಾಲಿಗೆ ಅದು ಗೊತ್ತಾಗಲು ಅರ್ಧ ಗಂಟೆ ಬೇಕಾಯಿತು. ತಪ್ಪು ಕಾಲಿನದು, ಕಾರಿನದಲ್ಲ. ಡೀಲರ್ ಹತ್ತಿರ ಬರುವಷ್ಟರಲ್ಲಿ ನೀರು ತುಂಬಿದ ಲೋಟ ಇಟ್ಟರೂ ಚೆಲ್ಲದ ಹಾಗೆ ನಿಲ್ಲಿಸುತ್ತಿದ್ದೆ. ಅಷ್ಟರಲ್ಲಿ ಟೈಮ್ ಮುಗಿಯಿತು.

ಮೂರನೇ ದಿನ: ಎ 8, ಮ್ಯೂನಿಕ್

ಊರಿಂದ ಊರಿಗೆ ಹೋಗುವುದು ನಮ್ಮ ಹಳೇ ಎಸ್ಟೇಟ್‌ನಲ್ಲೇ. ಉಲ್ಮ್ ದಾಟಿದ ಮೇಲೆ ಟ್ರಾಫಿಕ್ ಜಾಮ್. ವಾಹನಗಳು ನಿಧಾನವಾದ ತಕ್ಷಣ ಎಡ ಸಾಲಿನವರು ಇನ್ನೂ ಎಡಕ್ಕೆ, ಉಳಿದವರು ಬಲಕ್ಕೆ ಸರಿದು, ನಡುವೆ ಆಂಬುಲೆನ್ಸ್‌ಗೆ ದಾರಿ ಬಿಟ್ಟರು. ಯಾರೂ ಹಾರನ್ ಹೊಡೆಯಲಿಲ್ಲ, ಯಾರೂ ಹೇಳಲಿಲ್ಲ. ಅದು ಕಾನೂನು, ಆದರೂ ನೋಡಲು ಜಾದೂ ತರ ಇತ್ತು.

ಬಿಎಂಡಬ್ಲ್ಯು ಮ್ಯೂಸಿಯಂನಲ್ಲಿ ಒಂದು ಗಂಟೆ. ಪಕ್ಕದ ಆಫೀಸ್ ಕಟ್ಟಡ ನಾಲ್ಕು ಸಿಲಿಂಡರ್ ಒಟ್ಟಿಗೆ ನಿಲ್ಲಿಸಿದ ಹಾಗಿದೆ, ಅದು ಎಲ್ಲರಿಗೂ ಗೊತ್ತಿರುವುದೇ. ನಾವಿಬ್ಬರೂ ಮಾತಾಡಿದ್ದು ಪೂರ್ತಿ ಹಳೇ ಎಂ5ಗಳ ಬಗ್ಗೆ. 1980ರ ದಶಕದ ಮೊದಲ ಎಂ5ಗೆ 3.5 ಲೀಟರ್ ಆರು ಸಿಲಿಂಡರ್, 286 ಹಾರ್ಸ್‌ಪವರ್, ತೂಕ ಸುಮಾರು 1,430 ಕೆಜಿ. ಆಮೇಲೆ ವಿ8. ಅದಾದ ಮೇಲೆ 8,000ಕ್ಕೂ ಮೇಲೆ ಆರ್‌ಪಿಎಂ ತಿರುಗುವ 507 ಹಾರ್ಸ್‌ಪವರ್‌ನ ವಿ10. ಆಮೇಲೆ ಟರ್ಬೊ. 2024ರಲ್ಲಿ ಬಂದ ಈಗಿನ ಎಂ5ರಲ್ಲಿ ವಿ8 ಜೊತೆಗೆ ಮೋಟರ್, ಒಟ್ಟು 727 ಹಾರ್ಸ್‌ಪವರ್. ತೂಕ 2,435 ಕೆಜಿ. ಅಂದರೆ ಮೊದಲ ಎಂ5ರ ಮೇಲೆ ಒಂದು ಟನ್ ಹೇರಿದ ಹಾಗೆ.

"ಮದುವೆಯಾದ ಮೇಲೆ ನೀವೂ ಹಾಗೇ" ಎಂದಳು ಅಕ್ಕ.

ಸಂಜೆ ಒಂದು ಬಾಡಿಗೆ ಕಂಪನಿಯಲ್ಲಿ ಎಂ5 ಪಡೆದುಕೊಂಡೆವು. ಹೊಸದು ಬಂದಾಗ ಜರ್ಮನಿಯಲ್ಲಿ ಅದರ ಬೆಲೆ 1,44,000 ಯೂರೋದಿಂದ ಶುರು. ಹಾಗಾಗಿ ಕರಾರು ಪತ್ರ ಹನ್ನೊಂದು ಪುಟ. ನ್ಯುರ್ಬುರ್ಗ್‌ರಿಂಗ್ ರೇಸ್ ಟ್ರ್ಯಾಕ್‌ಗೆ ಒಯ್ಯುವಂತಿಲ್ಲ ಅನ್ನುವ ಸಾಲನ್ನು ದಪ್ಪ ಅಕ್ಷರದಲ್ಲಿ ಹಾಕಿದ್ದರು. ಕೌಂಟರ್‌ನ ಹುಡುಗ ಚಕ್ರಗಳ ಅಂಚನ್ನು ಟಾರ್ಚ್ ಹಾಕಿ ಫೋಟೋ ತೆಗೆದ. ನಾವೂ ತೆಗೆದೆವು. ಒಂದು ಗೀರು ಅವನ ಪಟ್ಟಿಯಲ್ಲಿ ಇರಲಿಲ್ಲ. ಹದಿನೈದು ನಿಮಿಷ ವಾದ ಮಾಡಿ ಬರೆಸಿದೆವು. ಮರುದಿನ ಅದೇ ಗೀರಿಗೆ ಇನ್ನೊಬ್ಬ ಹುಡುಗ ದುಡ್ಡು ಕೇಳಿದ. ನಮ್ಮ ಫೋಟೋ ನಮ್ಮನ್ನು ಉಳಿಸಿತು. ಬಾಡಿಗೆಗೆ ತೆಗೆದುಕೊಳ್ಳುವವರು ದಯವಿಟ್ಟು ಚಕ್ರದ ಫೋಟೋ ತೆಗೆದಿಟ್ಟುಕೊಳ್ಳಿ.

ನಾಲ್ಕನೇ ದಿನ: ಎ 95, ಆಮೇಲೆ ಎ 9

ಬೆಳಿಗ್ಗೆ ಆರೂವರೆ. ಇನ್ನೂ ಕತ್ತಲೆ. ಅಕ್ಕ ಹೋಟೆಲ್‌ನಲ್ಲೇ ಮಲಗಿದ್ದಳು. ಮ್ಯೂನಿಕ್‌ನಿಂದ ಗಾರ್ಮಿಶ್ ಕಡೆಗೆ ಹೋಗುವ ಎ 95 ಎರಡು ಲೇನಿನ ರಸ್ತೆ, ಲಾರಿ ಕಮ್ಮಿ, ಬಹಳಷ್ಟು ಕಡೆ ವೇಗದ ಮಿತಿ ಇಲ್ಲ. ಸ್ಟಾರ್ನ್‌ಬರ್ಗ್ ಸರೋವರದ ಹತ್ತಿರ ಮಂಜು ಕವಿದಿತ್ತು. ಅಲ್ಲಿ 90ಕ್ಕೆ ಇಳಿಸಿದೆ. ಮಂಜು ಹರಿದು ಎದುರಿಗೆ ಆಲ್ಪ್ಸ್ ಬೂದು ಬಣ್ಣದಲ್ಲಿ ಕಂಡಾಗ ಏಳೂವರೆ ದಾಟಿತ್ತು. ಟೈರ್‌ಗೂ ಎಣ್ಣೆಗೂ ಬಿಸಿ ಬಂದಿತ್ತು. ರಸ್ತೆ ಒಣಗಿತ್ತು. ಮುಂದೆ ಎರಡು ಕಿಲೋಮೀಟರ್ ಯಾರೂ ಇಲ್ಲ.

ಇ 53 ವೇಗ ಹೆಚ್ಚಿಸಿದ್ದು ನಯವಾಗಿ. ಇದು ಹಿಂದಿನಿಂದ ಯಾರೋ ಒದ್ದ ಹಾಗೆ. 1,000 ನ್ಯೂಟನ್ ಮೀಟರ್ ಟಾರ್ಕ್ ಅನ್ನುವುದು ಶೀಟಿನಲ್ಲಿ ಒಂದು ಅಂಕಿ. ಇಲ್ಲಿ ಅದು ಕುತ್ತಿಗೆಗೆ ತಿಳಿಯುತ್ತದೆ. 230ರ ಮೇಲೂ ಕಾರು ಎಳೆಯುತ್ತಲೇ ಇತ್ತು. 250ಕ್ಕೆ ಮೆಲ್ಲಗೆ ಕಡಿವಾಣ ಬಿತ್ತು. ಜರ್ಮನಿಯ ದೊಡ್ಡ ಕಂಪನಿಗಳು 1980ರ ದಶಕದ ಕೊನೆಯಲ್ಲಿ ತಾವಾಗೇ ಹಾಕಿಕೊಂಡ ಕಟ್ಟು ಇದು. ಹೆಚ್ಚು ದುಡ್ಡು ಕೊಟ್ಟರೆ ಎಂ5ಗೆ 305ರವರೆಗೆ ಸಡಿಲಿಸಿ ಕೊಡುತ್ತಾರೆ. ಪೋರ್ಷೆಯವರು ಈ ಕಟ್ಟಿಗೆ ಸೇರಲೇ ಇಲ್ಲ.

250ರಲ್ಲಿ ನಾನು ಇದ್ದದ್ದು ಬಹುಶಃ ಇಪ್ಪತ್ತು ಸೆಕೆಂಡ್. ಆ ಇಪ್ಪತ್ತು ಸೆಕೆಂಡ್‌ನಲ್ಲಿ ಒಂದು ಸಲವೂ ಸ್ಪೀಡೋಮೀಟರ್ ನೋಡಿ ಖುಷಿ ಪಡಲು ಆಗಲಿಲ್ಲ. ಕಣ್ಣು ಒಂದು ಕಿಲೋಮೀಟರ್ ಮುಂದೆ ಇರುತ್ತದೆ, ಕಾಲು ಬ್ರೇಕ್ ಕಡೆಗೆ ಆಗಲೇ ಅರ್ಧ ಎದ್ದಿರುತ್ತದೆ. ದೂರದಲ್ಲಿ ಎರಡು ಕೆಂಪು ದೀಪ ಕಂಡವು. ಬ್ರೇಕ್ ಒತ್ತಿದೆ. ಒದ್ದದ್ದಕ್ಕಿಂತ ಇದು ದೊಡ್ಡದು. ಸೀಟಿನಲ್ಲಿ ಮುಂದಕ್ಕೆ ಜಾರಿದೆ, ಕಪ್ ಇಡುವ ಜಾಗದಲ್ಲಿದ್ದ ಭಾವನ ಕನ್ನಡಕ ಎದ್ದು ಬಿತ್ತು. ಅಷ್ಟು ಹೊತ್ತೂ ಇಲ್ಲವೇ ಇಲ್ಲ ಅನ್ನಿಸಿದ್ದ ಎರಡೂವರೆ ಟನ್, ಆಗ ಒಮ್ಮೆಗೇ ನಮ್ಮ ಬೆನ್ನ ಹಿಂದೆ ಬಂದು ನಿಂತಿತು.

ವಾಪಸ್ ಬರುವಾಗ ಭಾವ ಓಡಿಸಿದರು, ನಾನು ಫೋನಿನಲ್ಲಿ ಲೆಕ್ಕ ಹಾಕಿದೆ. ವೇಗ ಎರಡು ಪಟ್ಟಾದರೆ ನಿಲ್ಲಿಸಲು ಕರಗಿಸಬೇಕಾದ ಶಕ್ತಿ ನಾಲ್ಕು ಪಟ್ಟು, ಇಷ್ಟು ಶಾಲೆಯಲ್ಲೇ ಓದಿದ್ದು. ಆ ಹಳೇ ಎಂ5 ಅನ್ನು 100ರಿಂದ ನಿಲ್ಲಿಸುವುದಕ್ಕೂ, ಇದನ್ನು 250ರಿಂದ ನಿಲ್ಲಿಸುವುದಕ್ಕೂ ಹೋಲಿಸಿದರೆ ಹತ್ತು ಪಟ್ಟಿಗಿಂತ ಜಾಸ್ತಿ. ಅಷ್ಟೂ ನಾಲ್ಕು ಚಕ್ರದ ಹಿಂದೆ ಶಾಖವಾಗಬೇಕು, ಇಲ್ಲವೇ ಸ್ವಲ್ಪ ಬ್ಯಾಟರಿಗೆ ಹೋಗಬೇಕು. ಇದರಲ್ಲಿ ಬ್ರೇಕ್ ಪೆಡಲ್ ಎಷ್ಟು ಗಟ್ಟಿ ಇರಬೇಕು ಅನ್ನುವುದನ್ನೂ ಮೆನುವಿನಲ್ಲಿ ಆರಿಸಿಕೊಳ್ಳಬಹುದು: ಕಂಫರ್ಟ್, ಸ್ಪೋರ್ಟ್. ಭಾವ ಎರಡನ್ನೂ ಹತ್ತು ಸಲ ಬದಲಾಯಿಸಿ ನೋಡಿದರು. ಟಾರ್ಕ್ ಬಗ್ಗೆ ಅವರು ಅವತ್ತು ಒಂದೇ ಒಂದು ಮಾತೂ ಆಡಲಿಲ್ಲ.

ನನ್ನ ಅಭಿಪ್ರಾಯ ಕೇಳಿದರೆ, ನೇರ ರಸ್ತೆಯಲ್ಲಿ ಇಷ್ಟು ಭದ್ರವಾಗಿ ಕೂರುವ ಕಾರು ನಾನು ಬೇರೆ ಓಡಿಸಿಲ್ಲ. ಆದರೆ ಅದರ ಜೊತೆ ಬದುಕಲು ಎ 95 ದಿನಾ ಬೆಳಿಗ್ಗೆ ಖಾಲಿ ಇರಬೇಕು.

ಮಧ್ಯಾಹ್ನ ಎಸ್ಟೇಟ್ ಹತ್ತಿ ಲೈಪ್‌ಜಿಗ್‌ಗೆ ಹೊರಟೆವು. ಎ 9ರ ಮೇಲೆ ನಾನೂರು ಚಿಲ್ಲರೆ ಕಿಲೋಮೀಟರ್. ಹಾಲರ್‌ಟಾವ್‌ನ ಹಾಪ್ಸ್ (ಬಿಯರ್‌ಗೆ ಹಾಕುವ ಬಳ್ಳಿಯ ಹೂ) ತೋಟಗಳಲ್ಲಿ ಕೊಯ್ಲು ಮುಗಿದು ಬರೀ ಕಂಬ, ತಂತಿ. ಇಂಗೊಲ್‌ಸ್ಟಾಟ್‌ನಲ್ಲಿ ಔಡಿ ಮ್ಯೂಸಿಯಂಗೆ ಹೋಗುವ ಪ್ಲಾನ್ ಇತ್ತು. ಮಳೆ ಶುರುವಾಯಿತು, ಬಿಟ್ಟೆವು. ನ್ಯುರೆಂಬರ್ಗ್ ದಾಟಿ ಸ್ವಲ್ಪ ಹೊತ್ತಿಗೆ ಡ್ಯಾಶ್‌ಬೋರ್ಡ್‌ನಲ್ಲಿ ಹಳದಿ ದೀಪ: ಬ್ರೇಕ್ ಪ್ಯಾಡ್ ಸವೆದಿದೆ.

ಮೂವರೂ ಆ ದೀಪವನ್ನೇ ನೋಡಿದೆವು. ಅಕ್ಕನಿಗೆ ನಗು ತಡೆಯಲಾಗಲಿಲ್ಲ. "ಚಮ್ಮಾರನ ಅಂಗಡಿ ಎಲ್ಲಾದ್ರೂ ಇದ್ಯಾ ನೋಡ್ರೀ!"

ಮುಂದಿನ ರೆಸ್ಟ್ ಏರಿಯಾದಲ್ಲಿ ನಿಲ್ಲಿಸಿ, ಕೈಪಿಡಿ ತೆಗೆದು ಓದಿದೆವು. ಹಳದಿ ಎಂದರೆ ಇನ್ನೂ ಸ್ವಲ್ಪ ಉಳಿದಿದೆ, ಬೇಗ ವರ್ಕ್‌ಶಾಪ್‌ಗೆ ಹೋಗಿ ಅಂತ ಅರ್ಥ. ಅಲ್ಲಿಂದ ಲೈಪ್‌ಜಿಗ್‌ವರೆಗೆ ಬಲಗಡೆ ಲೇನ್, 90ರ ವೇಗ, ಮುಂದಿನ ಲಾರಿಯಿಂದ ಒಂದು ಮೈದಾನದಷ್ಟು ಅಂತರ. ಎರಡು ಜರ್ಮನಿಗಳ ಹಳೇ ಗಡಿ ಮಳೆಯಲ್ಲಿ ಯಾವಾಗ ದಾಟಿತೋ ಗೊತ್ತಾಗಲಿಲ್ಲ. ರೂಂ ಸೇರಿದಾಗ ರಾತ್ರಿ ಹತ್ತು.

ಐದನೇ ದಿನ: ಲೈಪ್‌ಜಿಗ್

ಬೆಳಿಗ್ಗೆ ಎಂಟಕ್ಕೆ ಎಸ್ಟೇಟನ್ನು ಒಂದು ಸಣ್ಣ ವರ್ಕ್‌ಶಾಪ್‌ಗೆ ಬಿಟ್ಟು, ಟ್ಯಾಕ್ಸಿಯಲ್ಲಿ ಪೋರ್ಷೆ ಕಾರ್ಖಾನೆಗೆ ಹೋದೆವು. ಪನಾಮೆರಾ ತಯಾರಾಗುವುದು ಇಲ್ಲೇ. ಪಕ್ಕದಲ್ಲೇ 3.7 ಕಿಲೋಮೀಟರಿನ ಸ್ವಂತ ಟ್ರ್ಯಾಕ್. ಅದರ ತಿರುವುಗಳು ಬೇರೆ ಬೇರೆ ಹೆಸರಾಂತ ಟ್ರ್ಯಾಕ್‌ಗಳ ನಕಲು: ಲಗೂನಾ ಸೆಕಾದ ಕಾರ್ಕ್‌ಸ್ಕ್ರೂ, ಸುಝುಕಾದ ಎಸ್ ತಿರುವು. ಪಕ್ಕದ ಸೀಟಿನಲ್ಲಿ ಇನ್‌ಸ್ಟ್ರಕ್ಟರ್.

ಅಂದಹಾಗೆ ಪನಾಮೆರಾ ಸೆಡಾನ್ ಹೌದೋ ಅಲ್ಲವೋ ಅನ್ನುವ ಜಗಳ ಇದೆ. ಹಿಂದಿನ ಗಾಜು ಡಿಕ್ಕಿ ಬಾಗಿಲ ಜೊತೆಗೇ ಮೇಲೆದ್ದು ಬರುತ್ತದೆ. ನಾಲ್ಕು ಬಾಗಿಲು, ನಾಲ್ಕು ಜನ, ಆತುರ: ನನಗೆ ಅಷ್ಟು ಸಾಕು. ಅಕ್ಕನಿಗೆ ಅದು ಇಷ್ಟವಾದದ್ದು ಬೇರೆ ಕಾರಣಕ್ಕೆ. ಈ ಕಾರಿನಲ್ಲಿ ಆಕ್ಟಿವ್ ರೈಡ್ ಸಸ್ಪೆನ್ಷನ್ ಇತ್ತು. ಬಾಗಿಲು ತೆಗೆದರೆ ಕಾರು ತಾನೇ ಮೇಲೆದ್ದು, ಹತ್ತಲು ಅನುಕೂಲ ಮಾಡಿಕೊಡುತ್ತದೆ. "ಎದ್ದು ನಿಂತು ಮರ್ಯಾದೆ ಕೊಡತ್ತಲ್ಲೋ!" ಎಂದು ಬಾಗಿಲನ್ನು ಮೂರು ಸಲ ತೆಗೆದು ಹಾಕಿದಳು.

ಇನ್‌ಸ್ಟ್ರಕ್ಟರ್ ತಿರುವಿಗೆ ಕರೆದುಕೊಂಡು ಹೋಗಲಿಲ್ಲ. ನೇರ ದಾರಿಯ ತುದಿಯಲ್ಲಿ ನಿಲ್ಲಿಸಿ, "100ಕ್ಕೆ ಹೋಗಿ, ಆ ಕೋನ್ ಹತ್ತಿರ ಪೂರ್ತಿ ಬ್ರೇಕ್" ಎಂದ. ನಾನು ಹೋದೆ, ಒತ್ತಿದೆ, ನಿಂತಿತು. ಅವನು ತಲೆಯಾಡಿಸಿ ಇನ್ನೊಂದು ಸಲ ಎಂದ. ಮತ್ತೆ ಒತ್ತಿದೆ. "ನೀವು ಬ್ರೇಕನ್ನ ಕೇಳ್ತಾ ಇದ್ದೀರಿ. ಕೇಳಬೇಡಿ, ಹೇಳಿ." ಮೂರನೇ ಸಲ ಪೆಡಲ್ ಮುರಿಯುವ ಹಾಗೆ ತುಳಿದೆ. ಪಾದದಡಿ, ಚಕ್ರ ಬಿಗಿದು ಜಾರದಂತೆ ತಡೆಯುವ ಎಬಿಎಸ್ ಗರಗರ ನಡುಗಿತು. ಕೋನ್‌ನಿಂದ ಹಿಂದಿನೆರಡು ಸಲ ನಿಂತ ಜಾಗಕ್ಕಿಂತ ಎಷ್ಟೋ ಮೊದಲೇ ಕಾರು ನಿಂತಿತ್ತು. ವಿಚಿತ್ರ ಅಂದರೆ ಅದರ ಮೂಗು ಬಗ್ಗಲಿಲ್ಲ. ಆ ಸಸ್ಪೆನ್ಷನ್ ಕಾರನ್ನು ಚಪ್ಪಟೆಯಾಗಿಯೇ ಇಟ್ಟಿತ್ತು. ಎಷ್ಟು ಜೋರಾಗಿ ನಿಂತೆವು ಅಂತ ಹೊಟ್ಟೆಗೆ ಗೊತ್ತಾಯಿತು, ಕಣ್ಣಿಗೆ ಗೊತ್ತಾಗಲಿಲ್ಲ.

ಮೂವತ್ತು ವರ್ಷದಿಂದ ಕಾರು ಓಡಿಸುತ್ತಿರುವ ಭಾವನಿಗೂ ಮೊದಲೆರಡು ಸಲ ಆಗಲಿಲ್ಲ. ಯಾರಿಗೂ ಆಗುವುದಿಲ್ಲ, ಕಾಲು ಒಪ್ಪುವುದಿಲ್ಲ ಎಂದ ಇನ್‌ಸ್ಟ್ರಕ್ಟರ್. ಅಕ್ಕ ತಾನೂ ನೋಡುತ್ತೇನೆ ಎಂದಳು. ಕೂತಳು, ಹೋದಳು, ಮೊದಲ ಸಲವೇ ಎಬಿಎಸ್ ಗರಗರ ಎಂದಿತು. "ಮನೇಲಿ ದಿನಾ ಪಕ್ಕದ ಸೀಟಲ್ಲಿ ಕೂತು ಪ್ರಾಕ್ಟೀಸ್ ಮಾಡ್ತೀನಲ್ಲ!"

ಆಮೇಲೆ ತಿರುವುಗಳಲ್ಲೂ ಸುತ್ತಿದೆವು. ಕಾರ್ಕ್‌ಸ್ಕ್ರೂ ಇಳಿಯುವಾಗ ರಸ್ತೆಯೇ ಮಾಯವಾಗುತ್ತದೆ, ಅದಷ್ಟು ನೆನಪಿದೆ. ಮೂರರಲ್ಲಿ ಸ್ಟಿಯರಿಂಗ್‌ನಿಂದ ಕೈಗೆ ಹೆಚ್ಚು ಸುದ್ದಿ ಬಂದದ್ದು ಇದರಲ್ಲೇ. ಬೆಲೆಯ ಸುದ್ದಿಯೂ ಹಾಗೇ. ಮೇಲಿನ ಮಾಡೆಲ್‌ಗಳು 2 ಲಕ್ಷ ಯೂರೋ ದಾಟುತ್ತವೆ. ಭಾವ ಶೀಟ್ ತೆರೆದು ಕೊನೆಯ ಕಾಲಂಗೆ 'ಬ್ರೇಕ್' ಅಂತ ಹೆಸರು ಕೊಟ್ಟರು. ಮೂರು ಖಾನೆಗಳ ಮುಂದೆ ಬೆರಳು ಇಟ್ಟುಕೊಂಡು ಕೂತರು. ಏನು ಬರೆಯುವುದು, ಮೀಟರಾ, ಮಾರ್ಕಾ? ಖಾಲಿ ಬಿಟ್ಟು ಮುಚ್ಚಿದರು.

ಸಂಜೆ ವರ್ಕ್‌ಶಾಪ್‌ಗೆ ಹೋದಾಗ ಎಸ್ಟೇಟ್ ರೆಡಿ ಇತ್ತು. ಮೆಕ್ಯಾನಿಕ್ ಹಳೇ ಪ್ಯಾಡ್‌ಗಳನ್ನು ತಂದು ಭಾವನ ಅಂಗೈಯಲ್ಲಿಟ್ಟ. ಒಂದು ಕಡೆ ಕಬ್ಬಿಣದ ತಗಡು, ಇನ್ನೊಂದು ಕಡೆ ಬಿಸ್ಕತ್ತಿಗಿಂತ ತೆಳು ಕಪ್ಪು ಪದರ. ಈ ತೆಳು ಪದರದ ಮೇಲೆ ಅವರ ಮಕ್ಕಳು ವರ್ಷಗಟ್ಟಲೆ ಶಾಲೆಗೆ ಹೋಗಿ ಬಂದಿದ್ದರು. ಭಾವ ಅದನ್ನು ಬೆರಳಿನಿಂದ ಉಜ್ಜಿ, ಕಪ್ಪಾದ ಬೆರಳನ್ನು ಅಕ್ಕನಿಗೆ ತೋರಿಸಿದರು.

"ಹೊಸ ಪ್ಯಾಡ್, ಮೊದಲ 200 ಕಿಲೋಮೀಟರ್ ಜೋರಾಗಿ ಬ್ರೇಕ್ ಹಾಕಬೇಡಿ, ಕೂತ್ಕೋಬೇಕು ಅದು" ಎಂದ ಮೆಕ್ಯಾನಿಕ್.

ಹಾಗಾಗಿ ಎ 9ರಲ್ಲಿ ಮತ್ತೆ ಬಲಗಡೆ ಲೇನ್, ಎರಡು ಲಾರಿಗಳ ನಡುವೆ, 90. ಎಡಗಡೆಯಿಂದ ಒಂದು ಕಪ್ಪು ಎಂ5 ಸುಯ್ಯನೆ ಹೋಯಿತು. ಭಾವ ತಿರುಗಿ ನೋಡಲಿಲ್ಲ. ಮುಂದಿನ ಲಾರಿಯ ಬ್ರೇಕ್ ಲೈಟ್ ನೋಡುತ್ತಿದ್ದರು. ಅಕ್ಕ ಹಿಂದಿನ ಸೀಟಿನಲ್ಲಿ ಗಾಢ ನಿದ್ದೆಯಲ್ಲಿದ್ದಳು.